ನಾಣ್ಯಕ್ಕೆ ನೆನಪಿಲ್ಲ
ನಾಣ್ಯವೊಂದು ಸತತ 5 ಬಾರಿ ಶಿರವಾಗಿ ಬಿದ್ದರೆ 6ನೆಯ ಬಾರಿ ಪುಚ್ಛ ಬೀಳುವ ಸಂಭವವೆಷ್ಟು? ಯಲಹಂಕದ ಪ್ರೌಢಶಾಲೆಯೊಂದರಲ್ಲಿ ನಾನು ಹೀಗೆ ಕೇಳಿದಾಗ, ಸೂತ್ರವನ್ನು ತಪ್ಪಿಲ್ಲದೆ ಒಪ್ಪಿಸಿದ್ದ ಮಕ್ಕಳೇ ‘ಈ ಸಲ ಪುಚ್ಛವೇ’ ಎಂದು ಕೂಗಿದರು. ನಾಣ್ಯಕ್ಕೆ ನೆನಪಿಲ್ಲ, ಸಂಭವನೀಯತೆ ಆಗಲೂ 1/2.

‘ಇಷ್ಟು ಸೋತಾಯಿತು, ಇನ್ನು ಗೆಲುವೇ’ ಎಂಬ ಜೂಜುಕೋರನ ಭ್ರಮೆಯ ಬೇರೂ ಇಲ್ಲಿಯೇ ಇದೆ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧಕ್ಕೆ ಸಂಸತ್ತು 2025ರಲ್ಲಿ ಕಾಯ್ದೆ ಮಾಡಿತು. ಭ್ರಮೆಯನ್ನು ನಿಷೇಧಿಸುವ ಕಾಯ್ದೆಯಿಲ್ಲ. ಅದು ತರಗತಿಯ ಕೆಲಸ.

ಎಸ್ಸೆಸ್ಸೆಲ್ಸಿಯ ಸಂಭವನೀಯತೆಯ ಪಾಠದಲ್ಲಿ ಸೂತ್ರಕ್ಕೆ ಮೊದಲು ನಾಣ್ಯ ಮಕ್ಕಳ ಕೈಗೆ ಬರಲಿ. ಪ್ರತಿಯೊಬ್ಬರೂ 100 ಬಾರಿ ಚಿಮ್ಮಿ ಬರೆದಿಡಲಿ. ಸತತ 5 ಶಿರಗಳ ನಂತರ ಬಿದ್ದುದೇನೆಂದು ಇಡೀ ತರಗತಿ ಒಟ್ಟುಗೂಡಿಸಿ ಎಣಿಸಲಿ. ತಾವೇ ಎಣಿಸಿ ಕಂಡದ್ದನ್ನು ಮಕ್ಕಳು ಪರೀಕ್ಷೆ ಮುಗಿದ ಮೇಲೂ ಮರೆಯಲಾರರು.