ತೋಟದ ಕಾವಲು ಮತ್ತು ಆಯುಧ ಪ್ರದರ್ಶನ: ಕಾಯಿದೆ ಏನು ಹೇಳುತ್ತದೆ?

ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ ಸಮೀಪದ ಪುತ್ತಿಗೆ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಅಡಿಕೆ, ತೆಂಗು, ಕಾಳುಮೆಣಸು ಹಾಗೂ ಭತ್ತ ಮುಖ್ಯ ಬೆಳೆಗಳಾಗಿವೆ. ಕೊಯ್ದ ಹಣ್ಣಡಿಕೆಯನ್ನು ಚಾಲಿ ಮಾಡಲು ಸುಮಾರು 40 ದಿನ ಅಂಗಳದಲ್ಲಿ ಒಣಗಿಸಬೇಕಾಗುತ್ತದೆ. ವರ್ಷದ ದುಡಿಮೆ ಇಷ್ಟು ದಿನ ಬಯಲಿನಲ್ಲಿ ಇರುವಾಗ ಕಾವಲು ಅನಿವಾರ್ಯ. ಕಾವಲಿಗೆ ಹೊರಟವರ ಕೈಯಲ್ಲಿ ದೊಣ್ಣೆ, ಕತ್ತಿ ಅಥವಾ ಕೋವಿ ಇರುವುದೂ ಸಾಮಾನ್ಯ. ಇವನ್ನು ಇಟ್ಟುಕೊಳ್ಳುವುದು ಒಂದು ವಿಷಯ, ಮನುಷ್ಯನೊಬ್ಬನ ಎದುರು ತೋರಿಸುವುದು ಬೇರೆಯೇ ವಿಷಯ. ಈ ವ್ಯತ್ಯಾಸ ತಿಳಿಯದೆ, ಕಳ್ಳನ ಮೇಲೆ ದೂರು ಕೊಡಬೇಕಾದ ರೈತನೇ ಆರೋಪಿಯಾಗುವ ಸಂಭವವಿದೆ.

ಕೃಷಿ ಉಪಕರಣವು ಆಯುಧವೇ?

1959ರ ಆಯುಧ ಕಾಯಿದೆಯು ಆಕ್ರಮಣಕ್ಕಾಗಲಿ ರಕ್ಷಣೆಗಾಗಲಿ ತಯಾರಿಸಿದ ವಸ್ತುಗಳನ್ನು ಆಯುಧವೆಂದು ಕರೆಯುತ್ತದೆ. ಆದರೆ ಕೇವಲ ಮನೆಬಳಕೆಗೆ ಅಥವಾ ಕೃಷಿಗೆಂದು ಮಾಡಿದ ವಸ್ತುಗಳನ್ನು, ಲಾಠಿ ಮತ್ತು ಸಾಧಾರಣ ಊರುಗೋಲುಗಳನ್ನು ಅದೇ ಕಾಯಿದೆ ಹೊರಗಿಟ್ಟಿದೆ. ಆದ್ದರಿಂದ ಹುಲ್ಲು ಕೊಯ್ಯುವ ಕತ್ತಿ, ಕೊಡಲಿ, ಅಡಿಕೆ ಕೀಳುವ ದೋಟಿ ಇವುಗಳಿಗೆ ಪರವಾನಗಿ ಬೇಕಿಲ್ಲ.

ಹಾಗೆಂದು ಇವನ್ನು ಎಲ್ಲಿ ಬೇಕಾದರೂ ಹಿಡಿದು ತಿರುಗಬಹುದೆಂದು ಅರ್ಥವಲ್ಲ. ಶಾಂತಿಭಂಗದ ಭಯವಿರುವಾಗ ಪ್ರತಿಬಂಧಕಾಜ್ಞೆ ಹೊರಡಿಸಿ ದೊಣ್ಣೆ, ಕತ್ತಿಗಳನ್ನು ಒಯ್ಯುವುದನ್ನು ನಿಷೇಧಿಸುವ ಅಧಿಕಾರ ಆಡಳಿತಕ್ಕೆ ಇದೆ. ಅಂತಹ ದಿನಗಳಲ್ಲಿ ಹರಿತವಾದ ಉಪಕರಣಗಳನ್ನು ತೋಟದ ಮನೆಯಲ್ಲಿಯೇ ಇಡುವುದು ಒಳ್ಳೆಯದು. ಉಳಿದ ದಿನಗಳಲ್ಲಿಯೂ ಬಸ್ಸಿನಲ್ಲಿ ಅಥವಾ ಪೇಟೆಯಲ್ಲಿ ಒಯ್ಯುವಾಗ ಅಲಗನ್ನು ಗೋಣಿಯಲ್ಲಿ ಸುತ್ತಿಕೊಳ್ಳಬೇಕು.

ತೋರಿಸುವುದು ಯಾವಾಗ ಅಪರಾಧ?

1860ರ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರ 130ನೇ ಕಲಮಿನ ಪ್ರಕಾರ, ಈಗ ಹೊಡೆಯುತ್ತಾನೆ ಎಂಬ ಅಂಜಿಕೆ ಎದುರಿಗಿರುವವನಿಗೆ ಬರಲಿ ಎಂದು ಮಾಡಿದ ಸನ್ನೆ ಅಥವಾ ಸಿದ್ಧತೆಯೇ ಹಲ್ಲೆಯಾಗುತ್ತದೆ. ಏಟು ಬೀಳಬೇಕಾಗಿಲ್ಲ. ಕೋಲೆತ್ತಿಕೊಂಡು 'ನಿನಗೆ ಬಾರಿಸುತ್ತೇನೆ' ಎನ್ನುವುದು, ಕಚ್ಚುವ ನಾಯಿಯ ಬಾಯಿಕಟ್ಟು ಬಿಚ್ಚತೊಡಗುವುದು, ಇಂತಹ ಉದಾಹರಣೆಗಳು ಆ ಕಲಮಿನಲ್ಲಿಯೇ ಇವೆ. ಇದಕ್ಕೆ 3 ತಿಂಗಳವರೆಗೆ ಸೆರೆವಾಸ, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 'ಕಡಿದು ಹಾಕುತ್ತೇನೆ' ಎಂದು ಕತ್ತಿ ತೋರಿಸಿ ಬೆದರಿಸಿದರೆ 351ನೇ ಕಲಮಿನ ಮೇರೆಗೆ 7 ವರ್ಷಗಳವರೆಗೆ ಸೆರೆವಾಸವಾಗಬಹುದು. ಐದು ಅಥವಾ ಹೆಚ್ಚು ಜನ ಸೇರಿ ಹೀಗೆ ಹೊರಟರೆ ಅಕ್ರಮ ಕೂಟದ ಆರೋಪವೂ ಬರುವ ಸಾಧ್ಯತೆ ಇದೆ. ಗಡಿ ಜಗಳ ಮತ್ತು ನೀರಿನ ಸರದಿಯ ಜಗಳಗಳು ಮುಖ್ಯವಾಗಿ ಕೆಡುವುದು ಇಲ್ಲಿಯೇ.

ಆತ್ಮರಕ್ಷಣೆಯ ಹಕ್ಕು

ತನ್ನ ದೇಹವನ್ನು, ಇನ್ನೊಬ್ಬರ ದೇಹವನ್ನು ಮತ್ತು ಆಸ್ತಿಯನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಕೊಡುತ್ತವೆ. ಕಳ್ಳತನ, ಸುಲಿಗೆ, ಹಾನಿ ಮತ್ತು ಅತಿಕ್ರಮ ಪ್ರವೇಶಗಳ ವಿರುದ್ಧ ಈ ಹಕ್ಕು ಇದೆ. ಆದುದರಿಂದ ರಾತ್ರಿ ಅಂಗಳಕ್ಕೆ ಬಂದು ಅಡಿಕೆ ತುಂಬುತ್ತಿರುವವನ ಎದುರು ದೊಣ್ಣೆ ಹಿಡಿದು ನಿಲ್ಲುವುದು ಅಪರಾಧವಲ್ಲ. ಆದರೆ ಈ ಹಕ್ಕಿಗೆ ಮೂರು ಮಿತಿಗಳಿವೆ.

ಮೊದಲನೆಯದು ಕಾಲ. ಅಪಾಯದ ನ್ಯಾಯವಾದ ಶಂಕೆ ಹುಟ್ಟಿದಾಗ ಹಕ್ಕು ಆರಂಭವಾಗಿ, ಅಪಾಯ ಕಳೆದಾಗ ಮುಗಿಯುತ್ತದೆ. ಕಳ್ಳನು ಮಾಲಿನೊಂದಿಗೆ ಪಾರಾದ ಮೇಲೆ, ಮರುದಿನ ಅವನ ಮನೆಗೆ ಕತ್ತಿ ಹಿಡಿದು ಹೋಗುವುದು ರಕ್ಷಣೆಯಲ್ಲ, ಸೇಡು. ಎರಡನೆಯದು ಪ್ರಮಾಣ. ಅವಶ್ಯಕತೆಗಿಂತ ಹೆಚ್ಚಿನ ಕೇಡು ಮಾಡಬಾರದು. ಜೀವಭಯವಿಲ್ಲದ ಬರೇ ಕಳ್ಳತನದಲ್ಲಿ ಕಳ್ಳನ ಪ್ರಾಣ ತೆಗೆಯುವ ಹಕ್ಕಿಲ್ಲ. ಮೂರನೆಯದು ಸಹಾಯ. ಪೊಲೀಸರನ್ನು ಕರೆಯಲು ಸಮಯವಿರುವಾಗ ಹಕ್ಕನ್ನು ಮುಂದೆ ಮಾಡುವಂತಿಲ್ಲ.

ಪೆಪ್ಪರ್ ಸ್ಪ್ರೇ

ಪ್ರಾಣಾಪಾಯ ಮಾಡದ ಸಾಧನವಾದರೆ ಕಾಯಿದೆಯ ತೊಡಕಿಲ್ಲ ಎಂಬ ಭಾವನೆ ಕೆಲವರಲ್ಲಿದೆ. ಪೇಟೆಯಲ್ಲಿ ದೊರೆಯುವ ಪೆಪ್ಪರ್ ಸ್ಪ್ರೇ ಇದಕ್ಕೆ ಉದಾಹರಣೆ. ಹೆಸರು ಕಾಳುಮೆಣಸಿನದಾದರೂ ಅದರಲ್ಲಿರುವುದು ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್. ಬೆಂಗಳೂರಿನ ಒಂದು ಆಸ್ತಿ ತಕರಾರಿನಲ್ಲಿ ಕಾವಲುಗಾರನ ಮೇಲೆ ಇದನ್ನು ಸಿಂಪಡಿಸಿದ ಪ್ರಕರಣವು 2024ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಆತ್ಮರಕ್ಷಣೆಗಾಗಿ ಸಿಂಪಡಿಸಿದೆವು ಎಂಬ ವಾದವಿತ್ತು. ಪ್ರಾಣಕ್ಕೆ ತಕ್ಷಣದ ಅಪಾಯವಿದ್ದುದು ಮೇಲ್ನೋಟಕ್ಕೆ ಕಾಣುವುದಿಲ್ಲವೆಂದು ನ್ಯಾಯಾಲಯವು ಪ್ರಕರಣವನ್ನು ರದ್ದುಪಡಿಸಲು ನಿರಾಕರಿಸಿತು. ಸಾಧನವು ಎಷ್ಟು ಸೌಮ್ಯವೆಂಬುದಕ್ಕಿಂತ, ಅದನ್ನು ಎತ್ತಿದ ಗಳಿಗೆಯಲ್ಲಿ ಅಪಾಯವಿತ್ತೇ ಎಂಬುದೇ ಮುಖ್ಯ. ದೊಣ್ಣೆಗೂ ಇದೇ ಅಳತೆ.

ಕೋವಿಯ ವಿಷಯ

ಬೆಳೆ ರಕ್ಷಣೆಗೆ ಕೇಪಿನ ಕೋವಿಯಂತಹ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಲು ಆಯುಧ ಕಾಯಿದೆಯಲ್ಲಿಯೇ ಅವಕಾಶವಿದೆ. ಮೂಡುಬಿದಿರೆ ಠಾಣೆಯು ಮಂಗಳೂರು ನಗರ ಪೊಲೀಸ್ ಕಮಿಷನರೇಟಿಗೆ ಸೇರಿದೆ. ಆದ್ದರಿಂದ ಪುತ್ತಿಗೆಯವರು ಪರವಾನಗಿಗೆ ಕಮಿಷನರ್ ಕಚೇರಿಯನ್ನೂ, ಬಂಟ್ವಾಳ ಮತ್ತು ಬೆಳ್ತಂಗಡಿಯವರು ಜಿಲ್ಲಾಧಿಕಾರಿಗಳ ಕಚೇರಿಯನ್ನೂ ಸಂಪರ್ಕಿಸಬೇಕು. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಚೀಲದಲ್ಲಿ ಮುಚ್ಚಿಯೇ ಒಯ್ಯಬೇಕು, ಝಳಪಿಸುವುದು ನಿಷಿದ್ಧ. ಮದುವೆ, ಉತ್ಸವಗಳಲ್ಲಿ ಸಂಭ್ರಮಕ್ಕೆಂದು ಅಜಾಗ್ರತೆಯಿಂದ ಗುಂಡು ಹಾರಿಸಿದರೆ, 2019ರ ತಿದ್ದುಪಡಿಯಂತೆ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಇದನ್ನು 10 ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಈ ಸೌಲಭ್ಯ ದಕ್ಷಿಣ ಕನ್ನಡದ ಇತರ ರೈತರಿಗೆ ಅನ್ವಯಿಸುವುದಿಲ್ಲ.

ಕಾಡುಪ್ರಾಣಿಗಳ ವಿಷಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರತ್ಯೇಕವಾಗಿದೆ. ಹಂದಿ ಮೈಮೇಲೆ ಎರಗಿದಾಗ ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಹೊಡೆದರೆ ಅಪರಾಧವಲ್ಲ. ಆದರೆ ಬೆಳೆ ತಿನ್ನುತ್ತಿತ್ತು ಎಂಬ ಕಾರಣಕ್ಕೆ ಅಧಿಕಾರಿಗಳ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ. ಕೋವಿಯ ಪರವಾನಗಿಯು ಬೇಟೆಯ ಪರವಾನಗಿಯಲ್ಲ.

ರೈತರು ಅನುಸರಿಸಬೇಕಾದ ಕ್ರಮಗಳು

1. ಅಡಿಕೆ ಅಂಗಳಕ್ಕೆ ದೀಪ, ಗಂಟೆ ಮತ್ತು ನಾಯಿ ಇರಲಿ. ಕಾವಲಿಗೆ ಒಬ್ಬರೇ ಹೋಗದೆ ಇಬ್ಬರು ಹೋಗುವುದು ಉತ್ತಮ.

2. ಸದ್ದು ಕೇಳಿದಾಗ ಮೊದಲು ಬ್ಯಾಟರಿ ಬೆಳಕು ಹಾಯಿಸಿ ಕೂಗಬೇಕು. ಕೂಡಲೇ 112ಕ್ಕೆ ಕರೆ ಮಾಡಬೇಕು. ಬಂದವನು ಓಡಿದರೆ ಬೆನ್ನಟ್ಟಿ ಹೊಡೆಯಬಾರದು.

3. ಗಡಿ ಅಥವಾ ನೀರಿನ ಮಾತುಕತೆಗೆ ಹೋಗುವಾಗ ಕತ್ತಿಯನ್ನು ಮನೆಯಲ್ಲಿಯೇ ಬಿಡಬೇಕು. ಗಡಿಯ ತಕರಾರಿಗೆ ತಾಲೂಕು ಭೂಮಾಪನ ಕಚೇರಿಯಲ್ಲಿ ಅಳತೆಗೆ ಅರ್ಜಿ ಕೊಡುವುದು ಸೂಕ್ತ.

4. ಕೋವಿಯನ್ನು ಮನುಷ್ಯರ ಕಡೆಗೆ, ಖಾಲಿ ಇದ್ದರೂ, ತಮಾಷೆಗೂ ತಿರುಗಿಸಬಾರದು.

5. ಕಳವು ನಡೆದರೆ ಅದೇ ದಿನ ಠಾಣೆಗೆ ಲಿಖಿತ ದೂರು ಕೊಡಬೇಕು. ಪ್ರಾಣಿಗಳಿಂದ ಬೆಳೆಹಾನಿಯಾದರೆ ಚಿತ್ರ ತೆಗೆದಿಟ್ಟು ವಲಯ ಅರಣ್ಯಾಧಿಕಾರಿಗಳಿಗೆ ಪರಿಹಾರದ ಅರ್ಜಿ ಸಲ್ಲಿಸಬೇಕು.

ಒಂದು ಗೋಣಿ ಅಡಿಕೆ ಹೋದರೆ ಮುಂದಿನ ಕೊಯ್ಲಿನಲ್ಲಿ ತುಂಬಿಕೊಳ್ಳಬಹುದು. ಸಿಟ್ಟಿನಲ್ಲಿ ಎತ್ತಿದ ಕತ್ತಿಯಿಂದ ಹುಟ್ಟಿದ ಮೊಕದ್ದಮೆ ಹಲವು ಕೊಯ್ಲುಗಳ ಆದಾಯವನ್ನು ತಿನ್ನುತ್ತದೆ. ವಿಸ್ತರಣಾ ಕಾರ್ಯಕರ್ತರು ಕೊಯ್ಲು ಆರಂಭವಾಗುವ ಮೊದಲು ನಡೆಸುವ ಗ್ರಾಮಸಭೆಗಳಲ್ಲಿ ಒಣಗಿಸುವಿಕೆಯ ಮಾಹಿತಿಯೊಂದಿಗೆ ಈ ವಿಷಯವನ್ನೂ ರೈತರಿಗೆ ತಿಳಿಸುವುದು ಉಪಯುಕ್ತ.