ಬಾತುಕೋಳಿ ನೀರಲ್ಲಿ ನೆನೆಯದಿರಲು ಬಾಲದ ಎಣ್ಣೆಯೇ ಕಾರಣವೇ?

ಬಾತುಕೋಳಿ ಗಂಟೆಗಟ್ಟಲೆ ಕೆರೆಯಲ್ಲಿ ಈಜಿ ದಡಕ್ಕೆ ಬಂದು ಮೈ ಕೊಡವಿದರೆ ಸಾಕು, ನೀರೆಲ್ಲ ಉದುರಿಹೋಗುತ್ತದೆ. “ಅದರ ಬಾಲದಲ್ಲಿ ಎಣ್ಣೆ ಇದೆ, ಅದಕ್ಕೇ ನೀರು ಅಂಟಲ್ಲ” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಅರ್ಧ ಸತ್ಯ. ಉಳಿದರ್ಧ ತಿಳಿಯದೆ ಒದ್ದೆಯಾದ ಹಕ್ಕಿಗೆ ಕೊಬ್ಬರಿ ಎಣ್ಣೆ ಸವರಿದರೆ ಅದರ ಜೀವಕ್ಕೇ ಕುತ್ತು.

ಎಣ್ಣೆ ಎಲ್ಲಿಂದ ಬರುತ್ತದೆ?

ಬಾಲದ ಬುಡದಲ್ಲಿ, ಬೆನ್ನಿನ ಕಡೆಗೆ, ಒಂದು ಸಣ್ಣ ಗ್ರಂಥಿ ಇದೆ. ವಿಜ್ಞಾನಿಗಳು ಅದನ್ನು ಯೂರೋಪೈಜಿಯಲ್ ಗ್ರಂಥಿ ಎನ್ನುತ್ತಾರೆ. ಕೋಳಿ ಸ್ವಚ್ಛ ಮಾಡುವಾಗ ಬಾಲದ ಮೇಲಿಂದ ಕತ್ತರಿಸಿ ಎಸೆಯುವ ಹಳದಿ ಗಂಟು ಇದೇ. ಹಕ್ಕಿ ಕೊಕ್ಕಿನಿಂದ ಇದನ್ನು ಒತ್ತಿ, ಬರುವ ಮೇಣದಂಥ ಎಣ್ಣೆಯನ್ನು ಗರಿಗಳಿಗೆ ಸವರಿಕೊಳ್ಳುತ್ತದೆ. ಕೊಕ್ಕಿಗೆ ಎಟುಕದ ತಲೆಯನ್ನು ನೇರವಾಗಿ ಗ್ರಂಥಿಗೇ ಉಜ್ಜುತ್ತದೆ.

ಹಾಗಾದರೆ ನೀರು ತಡೆಯುವುದು ಯಾವುದು?

ಮುಖ್ಯವಾಗಿ ಗರಿಯ ರಚನೆ. ಗರಿಯ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿದ್ದು, ಅವು ಜಿಪ್‌ನಂತೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ನಡುವೆ ಗಾಳಿ ನಿಲ್ಲುವುದರಿಂದ ನೀರು ಒಳಗಿಳಿಯುವುದಿಲ್ಲ. ಎಣ್ಣೆಯ ಕೆಲಸ ಗರಿ ಒಣಗಿ ಮುರಿಯದಂತೆ ಮೃದುವಾಗಿಡುವುದು. ಎಮು, ಆಸ್ಟ್ರಿಚ್‌ಗಳಿಗೆ ಈ ಗ್ರಂಥಿಯೇ ಇಲ್ಲ. ನೀರುಕಾಗೆಗೆ ಗ್ರಂಥಿ ಇದೆ, ಆದರೂ ರೆಕ್ಕೆ ನೆನೆಯುತ್ತದೆ. ಅದರ ಗರಿಯ ಅಂಚಿನ ರಚನೆಯೇ ಸಡಿಲ. ಅದಕ್ಕೇ ಅದು ಬಿಸಿಲಿಗೆ ರೆಕ್ಕೆ ಹರಡಿ ಕೂರುತ್ತದೆ.

ಇನ್ನೂ ಏನೇನು ಉಪಯೋಗ?

ನಮ್ಮ ದಾಂಡೇಲಿಯ ಕಾಡಿನ ದೊಡ್ಡ ಮಂಗಟ್ಟೆ ಹಕ್ಕಿಗೆ ಇದು ಮೇಕಪ್ ಡಬ್ಬಿ! ಅದರ ಕೊಕ್ಕಿನ, ಕತ್ತಿನ ಹಳದಿ ಬಣ್ಣ ಈ ಎಣ್ಣೆಯಿಂದಲೇ ಬರುತ್ತದೆ. ಗೂಡಿನಲ್ಲಿ ಕಾವು ಕೂತ ಹೆಣ್ಣು ಚಂದ್ರಮುಕುಟದ ಎಣ್ಣೆಯಂತೂ ಕಪ್ಪಾಗಿ ಗಬ್ಬು ನಾರುತ್ತದೆ. ಅದರಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಮೊಟ್ಟೆಗಳನ್ನು ರೋಗಾಣುಗಳಿಂದ ಕಾಯುತ್ತವೆ.

ನಾವೇನು ಮಾಡಬೇಕು?

ಮಳೆಯಲ್ಲಿ ತೊಯ್ದ ಅಥವಾ ಗಾಯಗೊಂಡ ಹಕ್ಕಿ ಸಿಕ್ಕರೆ ಎಣ್ಣೆ ಹಚ್ಚಬೇಡಿ, ಸೋಪು ಹಾಕಿ ತೊಳೆಯಬೇಡಿ. ಅಡುಗೆ ಎಣ್ಣೆ ಗರಿಯ ಎಳೆಗಳನ್ನು ಅಂಟಿಸಿ ಗಾಳಿಯ ಪದರವನ್ನೇ ಕೆಡಿಸುತ್ತದೆ. ಆಗ ನೀರು ಚರ್ಮಕ್ಕೆ ತಲುಪಿ, ಹಕ್ಕಿ ಚಳಿಯಿಂದಲೇ ಸಾಯಬಹುದು. ಸಮುದ್ರದಲ್ಲಿ ತೈಲ ಸೋರಿದಾಗ ಹಕ್ಕಿಗಳು ಸಾಯುವುದಕ್ಕೂ ಇದು ಒಂದು ಮುಖ್ಯ ಕಾರಣ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಬಟ್ಟೆ ಹಾಸಿ, ಬೆಚ್ಚಗಿನ ಜಾಗದಲ್ಲಿಟ್ಟು, ಪಶುವೈದ್ಯರಿಗೆ ಇಲ್ಲವೇ ಅರಣ್ಯ ಇಲಾಖೆಗೆ ತಿಳಿಸಿ.

ಗರಿ ಸರಿಪಡಿಸುವ ಕೆಲಸ ಹಕ್ಕಿಗೇ ಚೆನ್ನಾಗಿ ಗೊತ್ತು. “ಎಣ್ಣೆ ಹಚ್ಚಿ” ಎನ್ನುವ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಬದಲು ಇದನ್ನು ಕಳಿಸಿ.