ಬ್ರೇಕ್ ಪೆಡಲು ಇಳಿದರೆ ಗಾಳಿಯನ್ನೇ ದೂರಬೇಡಿ

ಹುಲಿಗಿ ಹುಣ್ಣಿಮೆಯ ಮರುದಿನ. ಹೊಸಪೇಟೆಯಿಂದ ನಾಲ್ಕು ಚೀಲ ಗೊಬ್ಬರ ಹೇರಿಕೊಂಡು ಜೀಪಿನಲ್ಲಿ ಊರಿಗೆ ಬರುತ್ತಿದ್ದೆ. ಹಿಂದೆ ಮನೆಯಾಕೆ, ತಂಗಿಯ ಇಬ್ಬರು ಮಕ್ಕಳು. ಮುನಿರಾಬಾದ್ ದಾಟಿ ಹಿಟ್ನಾಳದ ಹತ್ತಿರ ಮುಂದಿನ ಲಾರಿ ನಿಂತಿತು. ನಾನೂ ಬ್ರೇಕ್ ಒತ್ತಿದೆ. ಜೀಪು ನಿಂತಿತು. ಆದರೆ ಕಾಲು ತೆಗೆಯದೆ ಇದ್ದರೂ ಪೆಡಲು ಮೆಲ್ಲಗೆ ಇಳಿಯುತ್ತ ಇಳಿಯುತ್ತ ನೆಲ ಮುಟ್ಟಿತು. ಗಾಡಿ ಮುಂದಕ್ಕೆ ಉರುಳತೊಡಗಿತು. ಹ್ಯಾಂಡ್ ಬ್ರೇಕ್ ಎಳೆದಾಗ ಲಾರಿಯ ಹಿಂಬದಿಗೂ ನಮಗೂ ಒಂದು ಮೊಳ ಅಂತರ ಇತ್ತು.

ನಮ್ಮದು ಹರಾಜಿನಲ್ಲಿ ಹಿಡಿದ ಹಳೇ ಮಹೀಂದ್ರ ಜೀಪು. ಹೊಲಕ್ಕೂ ಅದೇ, ಆಸ್ಪತ್ರೆಗೂ ಅದೇ. ಇಂಥ ಹಳೇ ಜೀಪುಗಳಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಎಣ್ಣೆ ಹೋಗುವುದು ಒಂದೇ ಸಿಲಿಂಡರಿನಿಂದ, ಒಂದೇ ಮಾರ್ಗದಲ್ಲಿ. ಎಲ್ಲಿ ಒಂದು ಕಡೆ ಕೈಕೊಟ್ಟರೂ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. ಈಗಿನ ಕಾರಿನ ಹಾಗೆ ಎರಡು ಮಾರ್ಗ ಇರುವುದಿಲ್ಲ.

ಎರಡು ದಿನ ಮೊದಲಷ್ಟೇ ಹಿಂದಿನ ಎಡಚಕ್ರದ ಸಿಲಿಂಡರ್ ಸೋರುತ್ತಿದೆ ಅಂತ ನಾನೇ ಬದಲಿಸಿದ್ದೆ. ಪೈಪಿನಲ್ಲಿ ಸೇರಿದ ಗಾಳಿಯನ್ನೂ ತೆಗೆದಿದ್ದೆ. ಆದ್ದರಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: "ಇನ್ನೂ ಏರ್ ಐತಿ ಬಿಡ್ರಿ, ಇನ್ನೊಮ್ಮೆ ತೆಗೀರಿ." ತೆಗೆದೆ. ಮತ್ತೊಮ್ಮೆ ತೆಗೆದೆ. ಎರಡು ಡಬ್ಬಿ ಬ್ರೇಕ್ ಆಯಿಲ್ ಖಾಲಿಯಾಯಿತು. ಪೆಡಲು ಮಾತ್ರ ಹಾಗೆಯೇ ಇಳಿಯುತ್ತಿತ್ತು.

ಕೊನೆಗೆ ಕೊಪ್ಪಳದ ಒಬ್ಬ ವಯಸ್ಸಾದ ಮಿಸ್ತ್ರಿಯನ್ನು ಕರೆತಂದೆ. ಅವರು ಪಾನಾ ಹಿಡಿಯುವ ಮೊದಲು ಒಂದೇ ಪ್ರಶ್ನೆ ಕೇಳಿದರು.

"ಯಜಮಾನ್ರ, ಎಣ್ಣಿ ಕಡಿಮಿ ಆಗೈತೇನು?"

"ಇಲ್ರಿ, ಹಾಕಿದಷ್ಟೂ ಐತಿ."

"ಹಂಗಾರ ಎಲ್ಲಿಗೆ ಹೋತದು? ಹೊರಗ ಹೋಗಿಲ್ಲಂದ್ರ ಒಳಗ ಹಿಂದಕ್ಕ ಬಂದೈತಿ."

ಅರ್ಧ ರೋಗ ಅಲ್ಲೇ ಗೊತ್ತಾಯಿತು.

ಕಾಲಿಗೆ ಏನು ತಿಳಿಯುತ್ತದೆ?

'ಬ್ರೇಕ್ ಮೆತ್ತಗಾಗಿದೆ' ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದರಲ್ಲಿ ಮೂರು ಬೇರೆ ಬೇರೆ ರೋಗಗಳಿವೆ. ಪೆಡಲು ಸ್ಪಂಜಿನ ಹಾಗೆ ಪುಟಿಯುತ್ತಿದ್ದರೆ ಒಳಗೆ ಗಾಳಿ ಇದೆ. ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಹಳೇ ರಬ್ಬರ್ ಹೋಸ್ ಉಬ್ಬುತ್ತಿದ್ದರೂ ಹೀಗೇ ಆಗುತ್ತದೆ. ಒಬ್ಬರು ಪೆಡಲು ಒತ್ತಲಿ, ಇನ್ನೊಬ್ಬರು ಹೋಸಿನ ಮೇಲೆ ಕೈ ಇಟ್ಟು ನೋಡಲಿ. ಮೊದಲ ಸಲ ಬಹಳ ಕೆಳಗೆ ಹೋಗಿ, ಬೇಗನೆ ಎರಡನೇ ಸಲ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಬ್ರೇಕ್ ಶೂ ಸವೆದು ಡ್ರಮ್ಮಿನಿಂದ ದೂರವಾಗಿದೆ. ಅದಕ್ಕೆ ಅಡ್ಜಸ್ಟ್ ಮಾಡಿದರೆ ಸಾಕು, ಲೈನರ್ ಉಳಿದಿದ್ದರೆ.

ಮೂರನೆಯದು ನನ್ನದು. ಪೆಡಲು ಗಟ್ಟಿಯಾಗಿಯೇ ಸಿಗುತ್ತದೆ, ಕಾಲು ಇಟ್ಟುಕೊಂಡಿದ್ದರೆ ನಿಧಾನ ಇಳಿಯುತ್ತದೆ. ಇದನ್ನು ಪರೀಕ್ಷಿಸಲು ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಒಂದು ನಿಮಿಷ ಒತ್ತಿ ಹಿಡಿಯಬೇಕು. ಜೋರಾಗಿ ಒಮ್ಮೆ, ಹಗುರಾಗಿ ಒಮ್ಮೆ. ಜೋರಾಗಿ ಒತ್ತಿದಾಗ ಹರಿದ ರಬ್ಬರ್ ಕಪ್ ಸಿಲಿಂಡರಿನ ಗೋಡೆಗೆ ಒತ್ತಿಕೊಂಡು ನಿಂತುಬಿಡಬಹುದು, ಹಗುರಾಗಿ ಒತ್ತಿದಾಗಲೇ ಕಳ್ಳ ಸಿಗುವುದು.

ಇಳಿಯುತ್ತದೆ ಎಂದಾದರೆ ಎಣ್ಣೆಯ ಮಟ್ಟ ನೋಡಿ. ಜೀಪಿನಲ್ಲಿ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲ ಕೆಳಗೆ ಇರುತ್ತದೆ, ನೆಲದ ಮುಚ್ಚಳ ತೆಗೆದರೆ ಸಿಗುತ್ತದೆ. ಸುತ್ತಲಿನ ಮಣ್ಣು ಮೊದಲು ಒರೆಸಿ. ಮಟ್ಟ ಇಳಿದಿದ್ದರೆ ಹೊರಗೆ ಸೋರಿಕೆ ಇದೆ: ಚಕ್ರದ ಒಳಬದಿ, ಪೈಪಿನ ಜೋಡಣೆ, ಮಾಸ್ಟರ್ ಸಿಲಿಂಡರಿನ ಹಿಂಭಾಗ ಹಸಿಯಾಗಿದೆಯೇ ನೋಡಬೇಕು. ಮಟ್ಟ ಇಳಿಯದೆ ಪೆಡಲು ಮಾತ್ರ ಇಳಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ಪನ್ನು ದಾಟಿ ಎಣ್ಣೆ ವಾಪಸ್ ಬರುತ್ತಿದೆ. ಮಿಸ್ತ್ರಿ ಅನುಮಾನ ಉಳಿಯಬಾರದು ಅಂತ ಹೊರಹೋಗುವ ಪೈಪು ಬಿಚ್ಚಿ, ಆ ತೂತಿಗೆ ಸರಿಯಾದ ಡಮ್ಮಿ ಬೋಲ್ಟು ಬಿಗಿದು, ಗಾಳಿ ತೆಗೆದು ಒತ್ತಿ ತೋರಿಸಿದರು. ಆಗಲೂ ಇಳಿಯಿತು. ಚಕ್ರಗಳ ತಪ್ಪಿಲ್ಲ ಎಂದು ಖಾತ್ರಿಯಾಯಿತು.

ಕೆಡಿಸಿದ್ದು ನಾನೇ

ಬಿಚ್ಚಿದಾಗ ಕಪ್ಪಿನ ಅಂಚು ಹರಿದಿತ್ತು. ಎರಡು ದಿನ ಮೊದಲು ಸರಿ ಇದ್ದದ್ದು ಹರಿದದ್ದು ಹೇಗೆ? ದಿನನಿತ್ಯ ನಾವು ಪೆಡಲನ್ನು ಪೂರ್ತಿ ಒತ್ತುವುದಿಲ್ಲ. ಸಿಲಿಂಡರಿನ ಅರ್ಧ ಭಾಗ ಮಾತ್ರ ಉಜ್ಜಿ ನುಣುಪಾಗಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು. ಆ ನೀರಿನಿಂದ ಉಳಿದರ್ಧ ಭಾಗದಲ್ಲಿ ತುಕ್ಕು ಕೂರುತ್ತದೆ. ಗಾಳಿ ತೆಗೆಯುವಾಗ ಅಳಿಯನನ್ನು ಕೂರಿಸಿ "ಪೂರಾ ಒತ್ತೋ" ಅಂದಿದ್ದೆ. ಕಪ್ಪು ತುಕ್ಕಿನ ಮೇಲೆ ಹತ್ತಾರು ಸಲ ಓಡಾಡಿ ಹರಿಯಿತು. ಆಮೇಲೆ ಎರಡು ಡಬ್ಬಿ ಎಣ್ಣೆ ಸುರಿದು ಅದನ್ನು ಇನ್ನಷ್ಟು ಹರಿದೆ.

ಗೋಡೆಯಲ್ಲಿ ಉಗುರಿಗೆ ಸಿಗುವ ಗುಳಿಗಳಿದ್ದವು. ಹೊಸ ಕಪ್ಪು ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಅದೂ ಹೋಗುತ್ತದೆ ಅಂದರು ಮಿಸ್ತ್ರಿ. ಸಿಲಿಂಡರನ್ನೇ ಬದಲಿಸಿದೆವು. ಪೆಡಲಿಗೆ ಅರ್ಧ ಇಂಚು ಖಾಲಿ ಚಲನೆ ಬಿಟ್ಟರು. ಅದಿಲ್ಲದಿದ್ದರೆ ಎಣ್ಣೆ ಹಿಂದಿರುಗಲಾರದೆ ಬ್ರೇಕು ಹಿಡಿದುಕೊಳ್ಳುತ್ತದೆ.

ಇನ್ನೆರಡು ಮಾತು, ನಮ್ಮಂಥ ರೈತರ ಮನೆಗೆ ಬೇಕಾದ್ದು. ಎಣ್ಣೆ ಕಡಿಮೆಯಾಯಿತೆಂದು ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯನ್ನೋ ಎಂಜಿನ್ ಆಯಿಲನ್ನೋ ಸುರಿಯಬೇಡಿ. ಈ ಜೀಪಿನ ರಬ್ಬರ್ ಅದರಲ್ಲಿ ಉಬ್ಬಿ ಹಾಳಾಗುತ್ತದೆ, ಆಗ ಇಡೀ ಬ್ರೇಕಿನ ರಬ್ಬರೆಲ್ಲ ಬದಲಿಸಬೇಕು. ಡಾಟ್ 3 ಅಥವಾ ಡಾಟ್ 4 ಎಂದು ಬರೆದ ಸೀಲು ಒಡೆಯದ ಡಬ್ಬಿಯೇ ಬೇಕು. ಮುಚ್ಚಳ ತೆಗೆದು ವರ್ಷಗಟ್ಟಲೆ ಗೂಡಿನಲ್ಲಿ ಇಟ್ಟದ್ದು ತೇವ ಹೀರಿರುತ್ತದೆ.

ಮತ್ತೆ, ಹಳೇ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರಕ್ಕಲ್ಲ, ಹಿಂದಿನ ಆಕ್ಸಲಿಗೆ ಹೋಗುವ ಶಾಫ್ಟಿಗೆ ಇರುತ್ತದೆ. ಜಾಕ್ ಕೊಟ್ಟು ಒಂದು ಹಿಂಚಕ್ರ ಎತ್ತಿದಿರೋ, ಎತ್ತಿದ ಚಕ್ರ ತಿರುಗುತ್ತದೆ, ಹ್ಯಾಂಡ್ ಬ್ರೇಕ್ ಹಾಕಿದ್ದರೂ ಗಾಡಿ ಉರುಳುತ್ತದೆ. ಕಲ್ಲು ಕೊಡದೆ ಕೆಳಗೆ ನುಸುಳಬೇಡಿ.

ಈಗ ಗಾಳಿ ತೆಗೆಯುವಾಗ ಪೆಡಲಿನ ಕೆಳಗೆ ಜಾಲಿ ಕಟ್ಟಿಗೆಯ ತುಂಡು ಇಡುತ್ತೇನೆ, ಪೆಡಲು ಪೂರಾ ಇಳಿಯದಂತೆ. ಅತಿ ದೂರದ ಚಕ್ರದಿಂದ ಶುರು ಮಾಡುತ್ತೇನೆ. ತುಂಡು ಸೀಟಿನ ಕೆಳಗೇ ಇರುತ್ತದೆ, ತಂಗಿಯ ಮಕ್ಕಳು ಕ್ರಿಕೆಟ್ಟಿಗೆ ಒಯ್ಯದಿದ್ದರೆ.